ಹಸಿರು ಸೀರೆ, ಬೂದು ಸೀರೆ

ಯುಗಾದಿ ಕಳೆದ ಮರುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನೊಡನೆ ಮನೆಗೆ ಬಂದಿದ್ದಳು. ಹೊಸದಾಗಿ ಮದುವೆಯಾದವರು. ಮಂಡಿನೋವಿನಿಂದಾಗಿ ಮದುವೆಗೆ ಹೋಗಲಾಗದ ನನಗೆ ಫೋಟೋಗಳನ್ನಾದರೂ ತೋರಿಸಬೇಕೆಂಬ ಪ್ರೀತಿ ಅವಳದು. ಫೋನಿನಲ್ಲಿ ಒಂದೊಂದನ್ನೇ ಸರಿಸುತ್ತ ಹೋದವಳು ಒಂದು ಚಿತ್ರದ ಬಳಿ ನಿಂತಳು. ಮಂಟಪ, ಪುರೋಹಿತರು, ಮದುಮಗ, ಹಿಂದೆ ನಿಂತ ನೆಂಟರು, ಎಲ್ಲವೂ ಬೂದು ಬಣ್ಣದಲ್ಲಿದ್ದವು. ಅವಳ ಸೀರೆಯೊಂದು ಮಾತ್ರ ಕೆಂಪಗೆ ಹೊಳೆಯುತ್ತಿತ್ತು.

"ಇದು ಫೋನಿನಲ್ಲೇ ಮಾಡಿದ್ದು ಸಾರ್, ಒಂದು ಸಲ ಒತ್ತಿದರೆ ಸಾಕು" ಎಂದಳು.

"ಚೆನ್ನಾಗಿದೆಯಮ್ಮಾ" ಎಂದೆ. ಅನಂತರ, ಬೇಡವೆಂದರೂ ಬಾಯಿಗೆ ಬಂದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ಎಲ್ಲರಿಗೂ ಬಣ್ಣವಿರುವ ಮೂಲಚಿತ್ರ ಇದೆ ತಾನೆ? ಅದನ್ನು ಅಳಿಸಿಲ್ಲ ತಾನೆ?"

ಇದೆ ಎಂದಳು. ಮೇಷ್ಟ್ರು ಏಕೆ ಹೀಗೆ ಕೇಳುತ್ತಾರೆಂದು ಗಂಡನ ಮುಖವನ್ನೊಮ್ಮೆ ನೋಡಿದಳು. ಹೊಸ ದಂಪತಿಗಳು ಮನೆಗೆ ಬಂದ ಶುಭದಿನ, ತೀರಿಹೋದವರ ಕಥೆಯನ್ನು ಹೇಳುವುದು ಉಚಿತವೆನಿಸದೆ ಸುಮ್ಮನಾದೆ. ಅಂದು ಹೇಳದಿದ್ದುದನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ನಡುಮನೆಯಲ್ಲಿ ನನ್ನ ತಂದೆತಾಯಿಯರ ಮದುವೆಯ ಫೋಟೋ ಇದೆ. 1955ರದು. ತೆಗೆದದ್ದು ಕಪ್ಪುಬಿಳುಪಿನಲ್ಲಿ, ಅನಂತರ ಕೈಯಿಂದ ಬಣ್ಣ ಹಚ್ಚಿಸಿದ್ದು. ಈಗಿನ ಮಕ್ಕಳಿಗೆ ಈ ಪದ್ಧತಿಯ ಪರಿಚಯವಿರಲಾರದು. ಆಗ ಬಣ್ಣದ ಫಿಲ್ಮು ನಮ್ಮಂಥವರ ಕೈಗೆಟುಕುತ್ತಿರಲಿಲ್ಲ. ಬಣ್ಣ ಬೇಕೆಂದವರು ಮುದ್ರಿಸಿದ ಚಿತ್ರವನ್ನು ಬಣ್ಣ ಹಚ್ಚುವವರಿಗೆ ಕೊಡುತ್ತಿದ್ದರು. ಅವರು ತೆಳುವಾದ ಎಣ್ಣೆಬಣ್ಣವನ್ನು ಹತ್ತಿಯ ಉಂಡೆಯಿಂದಲೋ ಕಡ್ಡಿಗೆ ಸುತ್ತಿದ ಹತ್ತಿಯಿಂದಲೋ ಹದವಾಗಿ ಉಜ್ಜುತ್ತಿದ್ದರು. ಕೆಳಗಿನ ನೆರಳು ಬೆಳಕುಗಳನ್ನು ಮುಚ್ಚದಂತೆ ಬಣ್ಣ ಪಾರದರ್ಶಕವಾಗಿರಬೇಕು. ಕೆನ್ನೆಗೆ ತುಸು ನಸುಗೆಂಪು, ಒಡವೆಗೆ ಹಳದಿ, ಸೀರೆಗೆ ಸೀರೆಯ ಬಣ್ಣ.

ತೊಡಕಿದ್ದುದು ಈ ಕೊನೆಯದರಲ್ಲಿ. ಬಣ್ಣ ಹಚ್ಚುವಾತ ಮದುವೆಗೆ ಬಂದವನಲ್ಲ, ಸೀರೆಯನ್ನು ಕಂಡವನಲ್ಲ. ಚಿತ್ರದ ಬೆನ್ನ ಮೇಲೆ ಯಾರಾದರೂ ಬಣ್ಣದ ಹೆಸರನ್ನು ಬರೆದುಕೊಟ್ಟರೆ ಸರಿ, ಇಲ್ಲವಾದರೆ ಊಹೆಯೇ ಗತಿ. ನಮ್ಮ ತಾಯಿಯ ಚಿತ್ರದ ಹಿಂದೆ ಯಾರೂ ಏನೂ ಬರೆದಿರಲಿಲ್ಲ. ಮದುಮಗಳೆಂದರೆ ಕೆಂಪೆಂದು ಭಾವಿಸಿ ಆತ ಸೀರೆಗೆ ಕೆಂಪು ಹಚ್ಚಿದ. ಅದು ನಿಜವಾಗಿ ಹಸಿರು ಸೀರೆಯಾಗಿತ್ತು.

"ಅದು ಹಸಿರು ಕಣೋ. ಗಿಳಿಹಸಿರು. ಬಣ್ಣ ಬಳಿದವನಿಗೆ ಏನು ಗೊತ್ತು?" ಎಂದು ಅಮ್ಮ ಆ ಫೋಟೋ ನೋಡಿದಾಗಲೆಲ್ಲ ಹೇಳುತ್ತಿದ್ದರು. ಮನೆಗೆ ಬಂದ ನೆಂಟರಿಗೂ ಹೇಳುತ್ತಿದ್ದರು, ಮೊಮ್ಮಗಳಿಗೂ ಹೇಳುತ್ತಿದ್ದರು. ನಮಗೆಲ್ಲ ಅದೊಂದು ತಮಾಷೆಯ ಮಾತಾಗಿಬಿಟ್ಟಿತ್ತು.

1981ರಲ್ಲಿ ನನ್ನ ತಂದೆಯವರು ತೀರಿಕೊಂಡರು. ಅಮ್ಮನಿಗೆ ಆಗ ನಲವತ್ತನಾಲ್ಕು ವರ್ಷ. ಮರುದಿನದಿಂದಲೇ ಹಣೆಯ ಕುಂಕುಮ ಹೋಯಿತು, ಮುಡಿಯ ಹೂವು ಹೋಯಿತು, ಕೈಯ ಹಸಿರು ಬಳೆಗಳು ಹೋದವು. ಸೀರೆಗಳು ಮಾಸಲು ಬಣ್ಣಕ್ಕೆ ತಿರುಗಿದವು. ಹಣೆಯಲ್ಲಿ ಉಳಿದದ್ದು ಸಾಸಿವೆ ಕಾಳಿನಷ್ಟು ಕಪ್ಪು ಬೊಟ್ಟು ಮಾತ್ರ. ಯಾರೂ ಆಕೆಯನ್ನು ಬಲವಂತ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಆ ಕಾಲದ ಹೆಣ್ಣುಮಕ್ಕಳು ಇಂಥದ್ದನ್ನೆಲ್ಲ ತಾವೇ ತಮಗೆ ಮಾಡಿಕೊಂಡುಬಿಡುತ್ತಿದ್ದರು. ವಿಜ್ಞಾನ ಓದಿದ, ಬಿ.ಎಡ್. ಮುಗಿಸಿದ ಮಗನಾದ ನಾನು "ಏಕಮ್ಮಾ ಇದೆಲ್ಲ?" ಎಂದು ಒಂದೆರಡು ಸಲ ಕೇಳಿ, ಆಕೆ ಉತ್ತರ ಕೊಡದಿದ್ದಾಗ ಸುಮ್ಮನಾದೆ. ನೆಂಟರಿಷ್ಟರ ಮದುವೆಗಳಲ್ಲಿ ಅಮ್ಮ ಅಡುಗೆ ಮನೆಯ ಕಡೆಗೋ ಕೊನೆಯ ಸಾಲಿನ ಕುರ್ಚಿಗೋ ಸೇರಿಕೊಳ್ಳುತ್ತಿದ್ದರು.

2010ರ ವೈಶಾಖದಲ್ಲಿ ನನ್ನ ಮಗಳ ಮದುವೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಅವಳು ತನ್ನ ಸಂಬಳದ ಹಣದಲ್ಲಿ ಅಜ್ಜಿಗೆ ಒಂದು ರೇಷ್ಮೆ ಸೀರೆ ತಂದಳು. ಗಿಳಿಹಸಿರು, ಸಣ್ಣ ಜರಿಯಂಚು. ಅಮ್ಮ ಒಲ್ಲೆನೆಂದರು. "ನನಗೇಕೆ ಇದೆಲ್ಲ, ಜನ ಏನೆಂದಾರು?" ಎಂದರು. ಮೊಮ್ಮಗಳು ಹಟ ಹಿಡಿದಳು. ಅಜ್ಜಿ ಈ ಸೀರೆ ಉಡದಿದ್ದರೆ ತಾನು ಮಂಟಪಕ್ಕೆ ಬರುವುದೇ ಇಲ್ಲವೆಂದು ಹೆದರಿಸಿದಳು. ಮುಹೂರ್ತದ ಬೆಳಗ್ಗೆ ಅಮ್ಮ ಹಸಿರು ಸೀರೆಯುಟ್ಟು ಬಂದದ್ದನ್ನು ನಾನು ಕಂಡೆ. ಕಂಡೆನೆಂದರೆ, ಬೀಗರ ಕಾಫಿ, ಪುರೋಹಿತರ ಪಟ್ಟಿ, ಬಾಡಿಗೆ ಪಾತ್ರೆಗಳ ಲೆಕ್ಕ ಇವುಗಳ ನಡುವೆ ಕಣ್ಣಿಗೆ ಬಿತ್ತು, ಅಷ್ಟೆ. ಮಾಂಗಲ್ಯಧಾರಣೆಯಾದ ಮೇಲೆ ಮಗಳು ಎದ್ದುಹೋಗಿ, ಕೊನೆಯ ಸಾಲಿನಲ್ಲಿದ್ದ ಅಜ್ಜಿಯ ಕೈಹಿಡಿದು ಮಂಟಪದವರೆಗೆ ಕರೆತಂದಳು. ಅಮ್ಮ ಅವಳ ತಲೆಯ ಮೇಲೆ ಅಕ್ಷತೆ ಹಾಕಿ, ಕೈಯನ್ನು ಅಲ್ಲಿಯೇ ತುಸು ಹೊತ್ತು ಇಟ್ಟಿದ್ದರು. ಆ ಕ್ಷಣದ ಫೋಟೋ ತೆಗೆಯಲಾಯಿತು.

ಮೂರು ತಿಂಗಳ ಮೇಲೆ ಆಲ್ಬಂ ಬಂತು. ಆಗ ಎಲ್ಲೆಲ್ಲೂ ಪ್ರಚಾರದಲ್ಲಿದ್ದ ದಪ್ಪ ಪುಟಗಳ ಕರಿಜ್ಮಾ ಆಲ್ಬಂ. ತೊಡೆಯ ಮೇಲಿಟ್ಟುಕೊಂಡರೆ ತೊಡೆ ಜೋಮು ಹಿಡಿಯುವಷ್ಟು ಭಾರ. ಪುಟಗಳ ತುಂಬ ಗುಲಾಬಿ ಹೂಗಳು, ಮೋಡಗಳು, ನಾವೆಂದೂ ಕಾಣದ ಅರಮನೆಗಳು. ನಡುವೆ ಎರಡು ಪುಟಗಳಗಲಕ್ಕೆ ಆ ಚಿತ್ರ. ಮಗಳು ಕೆಂಪು ಧಾರೆಸೀರೆಯಲ್ಲಿ ಜ್ವಲಿಸುತ್ತಿದ್ದಳು. ಉಳಿದದ್ದೆಲ್ಲ ಬೂದು. ಅವಳ ತಲೆಯ ಮೇಲಿದ್ದ ಕೈ ಬೂದು, ಆ ಕೈಯ ಒಡತಿ ಬೂದು, ಆಕೆಯ ಸೀರೆ ಬೂದು.

ಮನೆಯವರೆಲ್ಲ ಮೆಚ್ಚಿದರು. ನಾನೂ ಮೆಚ್ಚಿದೆ. ಸಿನಿಮಾದಲ್ಲಿದ್ದಂತೆ ಇದೆ ಎಂದೆ. ಅಮ್ಮ ಕನ್ನಡಕ ಏರಿಸಿಕೊಂಡು ಪುಟದ ಮೇಲೆ ಬೆರಳಾಡಿಸಿದರು.

"ನನ್ನ ಸೀರೆ ಹಸಿರಲ್ಲವೇನೋ?"

ಇದು ಈಗಿನ ಫ್ಯಾಶನ್ ಅಮ್ಮಾ, ಮದುಮಗಳು ಎದ್ದು ಕಾಣಲೆಂದು ಹೀಗೆ ಮಾಡುತ್ತಾರೆ ಎಂದು ವಿವರಿಸಿದೆ. "ಹೌದೇ? ಸರಿ, ಸರಿ. ಮದುಮಗಳೇ ತಾನೆ ಕಾಣಬೇಕಾದ್ದು" ಎಂದು ಪುಟ ಮಗುಚಿದರು. ಹಳೆಯ ಫೋಟೋದ ಬಗ್ಗೆ ಅಷ್ಟೊಂದು ತಕರಾರು ಮಾಡುತ್ತಿದ್ದವರು ಇದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಈ ತಂತ್ರ ಸಿನಿಮಾದಲ್ಲಿ ಇರುವುದು ನಿಜ. ಜಪಾನಿನ ಅಕಿರ ಕುರೊಸಾವಾ 1963ರಲ್ಲಿ ತೆಗೆದ 'ಹೈ ಅಂಡ್ ಲೋ' ಕಪ್ಪುಬಿಳುಪಿನ ಚಿತ್ರ. ಅದರಲ್ಲಿ ಒಂದು ಕಡೆ ಮಾತ್ರ ಚಿಮಣಿಯಿಂದ ಗುಲಾಬಿ ಬಣ್ಣದ ಹೊಗೆ ಏಳುತ್ತದೆ. ಅಪರಾಧಿಯ ಸುಳಿವು ಪೊಲೀಸರಿಗೆ ಸಿಗುವುದು ಆ ಹೊಗೆಯಿಂದ. ಸ್ಪೀಲ್‌ಬರ್ಗ್ 1993ರಲ್ಲಿ ತೆಗೆದ 'ಶಿಂಡ್ಲರ್ಸ್ ಲಿಸ್ಟ್' ಚಿತ್ರದಲ್ಲಿ ಯಹೂದಿಗಳ ಕೇರಿಯಿಂದ ಜನರನ್ನು ಹೊಡೆದಟ್ಟುವಾಗ ಒಂದು ಪುಟ್ಟ ಹುಡುಗಿಯ ಕೋಟು ಮಾತ್ರ ಕೆಂಪಗಿದೆ. ಮುಂದೆ ಹೆಣಗಳ ಗಾಡಿಯಲ್ಲಿ ಆ ಕೋಟು ಮತ್ತೆ ಕಾಣುತ್ತದೆ. ಜನಸಮೂಹದಲ್ಲಿ ಯಾರೂ ಗಮನಿಸದ ಒಂದು ಜೀವವನ್ನು ಗಮನಿಸುವಂತೆ ಮಾಡುವುದಕ್ಕಾಗಿ ಅಲ್ಲಿ ಬಣ್ಣ ಬಂದಿದೆ. ಮದುವೆಯ ಆಲ್ಬಮ್ಮಿನಲ್ಲಿ ಆಗುವುದು ಇದಕ್ಕೆ ವಿರುದ್ಧ. ಎಲ್ಲರೂ ಆಗಲೇ ನೋಡುತ್ತಿರುವ ಒಬ್ಬಳಿಗೆ ಬಣ್ಣವನ್ನು ಉಳಿಸಿ, ಯಾರೂ ನೋಡದವರಿಂದ ಅದನ್ನು ಕಿತ್ತುಕೊಳ್ಳುತ್ತೇವೆ. ಈ ವ್ಯತ್ಯಾಸ ನನಗೆ ಹೊಳೆದದ್ದು ಮಾತ್ರ ಬಹಳ ತಡವಾಗಿ.

2012ರ ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಇಡಲು ಒಂದು ಒಳ್ಳೆಯ ಫೋಟೋ ಬೇಕಾಯಿತು. ಹುಡುಕಿದಾಗ ತಿಳಿಯಿತು, ಮೂವತ್ತು ವರ್ಷಗಳಲ್ಲಿ ಆಕೆಯ ಫೋಟೋ ಎಂಬುದೇ ಮನೆಯಲ್ಲಿ ಇಲ್ಲವೆಂದು. ಎಲ್ಲ ಗುಂಪುಚಿತ್ರಗಳಲ್ಲಿಯೂ ಆಕೆ ಹಿಂದಿನ ಸಾಲಿನಲ್ಲಿ, ಯಾರದೋ ಹೆಗಲಿನ ಮರೆಯಲ್ಲಿ. ಮಗಳ ಮದುವೆಯ ವೀಡಿಯೋ ಹಾಕಿ ನೋಡಿದರೆ, ಅಕ್ಷತೆಯ ಆ ಹೊತ್ತಿಗೆ ವೀಡಿಯೋದವರು ಊಟದ ಮನೆಗೆ ಹೋಗಿದ್ದರು. ಮುಖ, ಸೀರೆ, ಕೈ ಎಲ್ಲವೂ ಸ್ಪಷ್ಟವಾಗಿರುವುದು ಆ ಒಂದು ಚಿತ್ರದಲ್ಲಿ ಮಾತ್ರ.

ಆಲ್ಬಂ ಮಾಡಿಕೊಟ್ಟ ಸ್ಟುಡಿಯೋಗೆ ಹೋದೆ. ಒಳಗಿದ್ದ ಯುವಕ ದಡಬಡಿಸಿ ಎದ್ದು ಕಾಲು ಮುಟ್ಟಿ ನಮಸ್ಕರಿಸಿದ. "ನಾನು ನಿಮ್ಮ ಸ್ಟೂಡೆಂಟು ಸಾರ್" ಎಂದ. ಎರಡು ವರ್ಷಗಳ ಹಿಂದೆ ಮುಂಗಡ ಕೊಡಲು ಬಂದಾಗಲೂ ಹೀಗೆಯೇ ನಮಸ್ಕರಿಸಿದ್ದ. ಅವನ ಹೆಸರು ನನಗೆ ಆಗಲೂ ನೆನಪಿರಲಿಲ್ಲ, ಈಗಲೂ ನೆನಪಾಗಲಿಲ್ಲ. ಬಂದ ಕಾರಣ ಹೇಳಿದೆ. ಅವನ ಮುಖ ಸಣ್ಣಗಾಯಿತು.

"ಒರಿಜಿನಲ್ ಇಲ್ಲ ಸಾರ್. ಆಗ ಹಾರ್ಡ್ ಡಿಸ್ಕ್ ದುಬಾರಿ. ಆಲ್ಬಂ ಕೊಟ್ಟು ಆರು ತಿಂಗಳಾದ ಮೇಲೆ ಎಲ್ಲ ತೆಗೆದುಬಿಡುತ್ತಿದ್ದೆವು."

ಆಲ್ಬಮ್ಮಿನ ಜೊತೆ ಅವನು ಕೊಟ್ಟಿದ್ದ ಸಿ.ಡಿ.ಯಲ್ಲಿಯೂ ಸಿದ್ಧವಾದ ಪುಟಗಳು ಮಾತ್ರ ಇದ್ದವು. ಈ ಬೂದು ಹೇಗೆ ಬಂತೆಂದು ಕೇಳಿದೆ. ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿಕೊಂಡು ಬೇರೊಂದು ಚಿತ್ರದಲ್ಲಿ ಮಾಡಿ ತೋರಿಸಿದ. ಫೋಟೋಶಾಪಿನಲ್ಲಿ ಚಿತ್ರದ ಇನ್ನೊಂದು ಪದರವನ್ನು ಅದರ ಮೇಲೆಯೇ ಇಡುತ್ತಾರೆ. ಅದಕ್ಕೆ ಲೇಯರ್ ಎಂದು ಹೆಸರು. ಮೇಲಿನ ಪದರದಿಂದ ಬಣ್ಣವನ್ನು ಪೂರ್ತಿ ತೆಗೆಯುತ್ತಾರೆ. ಅನಂತರ ಆ ಬೂದು ಪದರದಲ್ಲಿ ಬೇಕಾದ ಕಡೆ ಮಾತ್ರ ಕುಂಚದಿಂದ ಒಂದು ಕಿಂಡಿ ತೆರೆಯುತ್ತಾರೆ. ಆ ಕಿಂಡಿಯಲ್ಲಿ ಕೆಳಗಿನ ಬಣ್ಣ ಕಾಣುತ್ತದೆ. ಎಂದರೆ ಬಣ್ಣ ಎಲ್ಲಿಯೂ ಹೋಗಿರುವುದಿಲ್ಲ, ಬೂದಿನ ಕೆಳಗೆ ಭದ್ರವಾಗಿಯೇ ಇರುತ್ತದೆ. ಆದರೆ ಎರಡೂ ಪದರಗಳನ್ನು ಒಂದಾಗಿ ಬೆಸೆದು ಕಡತವನ್ನು ಉಳಿಸಿದರೆ ಮುಗಿಯಿತು. ಕೆಳಗೆ ಏನಿತ್ತೆಂದು ದೇವರಿಗೂ ತಿಳಿಯದು.

ಏಕೆ ತಿಳಿಯದೆಂಬುದನ್ನು ನನ್ನ ಹಳೆಯ ಅಭ್ಯಾಸದಂತೆ ಲೆಕ್ಕ ಮಾಡಿ ಹೇಳುತ್ತೇನೆ, ಶಿಷ್ಯರು ಸಹಿಸಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಪ್ರತಿಯೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿರುತ್ತವೆ, ಒಂದೊಂದೂ 0ಯಿಂದ 255ರವರೆಗೆ. ಬೂದು ಮಾಡುವಾಗ ಸಾಮಾನ್ಯವಾಗಿ ಬಳಸುವ ಒಂದು ಸೂತ್ರದಲ್ಲಿ ಕೆಂಪಿನ 0.299 ಪಾಲು, ಹಸಿರಿನ 0.587 ಪಾಲು, ನೀಲಿಯ 0.114 ಪಾಲು ಕೂಡಿಸುತ್ತಾರೆ. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ, ನೀಲಿ ಕಡಿಮೆ ಬೆಳಕಾಗಿ ಕಾಣುವುದರಿಂದ ಈ ಪಾಲು. ಈಗ 255 ಇರುವ ಶುದ್ಧ ಕೆಂಪನ್ನು ತೆಗೆದುಕೊಳ್ಳಿ, 0.299ರಿಂದ ಗುಣಿಸಿದರೆ 76 ಬರುತ್ತದೆ. 130 ಇರುವ ಹಸಿರನ್ನು 0.587ರಿಂದ ಗುಣಿಸಿ, ಅದೂ 76. ಮೂರು ಸಂಖ್ಯೆಗಳ ಜಾಗದಲ್ಲಿ ಒಂದೇ ಸಂಖ್ಯೆ ಉಳಿದ ಮೇಲೆ, ಅದು ಕೆಂಪಾಗಿತ್ತೋ ಹಸಿರಾಗಿತ್ತೋ ಎಂದು ಯಾವ ಜಾಣನೂ ಹಿಂದಕ್ಕೆ ಲೆಕ್ಕ ಮಾಡಲಾರ. 1955ರಲ್ಲಿ ಅಮ್ಮನ ಸೀರೆಗೆ ಕೆಂಪು ಬಳಿದಾತನ ತಪ್ಪೂ ಇಂಥದೇ. ಅವನ ಮುಂದೆ ಇದ್ದದ್ದೂ ಬರೀ ಬೂದು.

"ನೀವು ಸೀರೆ ತಂದುಕೊಟ್ಟರೆ ನಾನು ಬಣ್ಣ ಹಚ್ಚಿಕೊಡುತ್ತೇನೆ ಸಾರ್" ಎಂದ ಅವನು. "ನೋಡಿಯೇ ಹಚ್ಚುತ್ತೇನೆ."

ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುವುದು ಆಗಲೇ ಹೊಸದೇನೂ ಆಗಿರಲಿಲ್ಲ. 1960ರ 'ಮೊಘಲ್-ಎ-ಆಜಮ್' 2004ರಲ್ಲಿ ಪೂರ್ತಿ ಬಣ್ಣದಲ್ಲಿ ಬಂದಿತ್ತು. ಮುಂದೆ 2014ರಲ್ಲಿ ನಮ್ಮ ರಾಜಕುಮಾರರ 'ಕಸ್ತೂರಿ ನಿವಾಸ'ವೂ ಹಾಗೆಯೇ ಬಂದಿತು. ಮರುದಿನ ಅಮ್ಮನ ಪೆಟ್ಟಿಗೆಯಿಂದ ಸೀರೆ ತೆಗೆದೆ. ಒಂದೇ ಸಲ ಉಟ್ಟದ್ದು. ಮಡಿಕೆಯಲ್ಲಿ ಇನ್ನೂ ಅಕ್ಷತೆಯ ಎರಡು ಕಾಳುಗಳಿದ್ದವು. ಸ್ಟುಡಿಯೋದ ಹುಡುಗ ಸೆರಗನ್ನು ಕಂಪ್ಯೂಟರಿನ ಪಕ್ಕದಲ್ಲಿ ಹರವಿಕೊಂಡು, ಒಮ್ಮೆ ಅದನ್ನು ಒಮ್ಮೆ ಪರದೆಯನ್ನು ನೋಡುತ್ತ ಮೂರು ಸಂಜೆ ಕುಳಿತ. ಚರ್ಮದ ಬಣ್ಣ ಬಂತು, ನರೆಗೂದಲು ಬಂತು, ಹಸಿರು ಬಂತು. ಮೂರನೆಯ ಸಂಜೆ ಅವನು ಚಿತ್ರವನ್ನು ಹಿಗ್ಗಿಸಿ ಅಮ್ಮನ ಹಣೆಯ ಬಳಿ ನಿಂತ.

"ಸಾರ್, ಈ ಬೊಟ್ಟು ಯಾವ ಬಣ್ಣ?"

ಕಪ್ಪು ಎನ್ನಲು ಬಾಯಿ ತೆರೆದೆ. ಮೂವತ್ತು ವರ್ಷ ನೋಡಿದ್ದೆನಲ್ಲ. ಆದರೆ ಈ ಬೊಟ್ಟು ಸಾಸಿವೆ ಕಾಳಿನಷ್ಟಿರಲಿಲ್ಲ, ತುಸು ದೊಡ್ಡದಿತ್ತು. ಗಾಢವಾದ ಬೂದು. ಕೆಂಪಿನ ಸಂಖ್ಯೆ 150 ಇರುವ ಗಾಢ ಕುಂಕುಮವನ್ನು ಬೂದು ಮಾಡಿದರೆ 45ಕ್ಕೆ ಇಳಿಯುತ್ತದೆ. ಕಪ್ಪಿಗೆ ಅದು ಬಹಳ ಹತ್ತಿರ. ಚಿತ್ರ ನೋಡಿ ಹೇಳುವಂತಿರಲಿಲ್ಲ. ಆ ದಿನ ಅಮ್ಮನಿಂದ ನಾಲ್ಕು ಮಾರು ದೂರದಲ್ಲಿದ್ದ ನಾನು ನೆನಪಿನಿಂದಲೂ ಹೇಳುವಂತಿರಲಿಲ್ಲ.

ಅಲ್ಲಿಂದಲೇ ಪುಣೆಯಲ್ಲಿದ್ದ ಮಗಳಿಗೆ ಫೋನು ಮಾಡಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಕೆಂಪು ಅಪ್ಪ. ಬೆಳಗ್ಗೆ ನಾನೇ ಕುಂಕುಮ ಇಟ್ಟೆ. ಅಜ್ಜಿ ಬೇಡ ಎನ್ನಲಿಲ್ಲ. ಕನ್ನಡಿ ತಾ ಎಂದು ಕೇಳಿ ನೋಡಿಕೊಂಡರು. ನೀವು ನೋಡಿರಲಿಲ್ಲವೇ?"

ನೋಡಿರಲಿಲ್ಲ. ಇಪ್ಪತ್ತೊಂಬತ್ತು ವರ್ಷಗಳ ಮೇಲೆ ನನ್ನ ತಾಯಿ ಒಂದು ದಿನ ಕುಂಕುಮವಿಟ್ಟುಕೊಂಡಿದ್ದರು, ಕನ್ನಡಿಯಲ್ಲಿ ಮುಖ ನೋಡಿಕೊಂಡಿದ್ದರು, ಮಗನ ಮುಂದೆ ಓಡಾಡಿದ್ದರು. ಮಗನಿಗೆ ಕಂಡದ್ದು ಬಾಡಿಗೆ ಪಾತ್ರೆಗಳ ಲೆಕ್ಕ. ಅವಳ ಹಣೆಯ ಕೆಂಪನ್ನು ಅಳಿಸಿದ್ದು ಫೋಟೋಶಾಪು ಎಂದು ಸ್ಟುಡಿಯೋದ ಹುಡುಗನ ಮೇಲೆ ನನಗೆ ಒಳಗೊಳಗೆ ಸಿಟ್ಟಿತ್ತು. ಆ ಸಿಟ್ಟು ಅಂದು ಇಳಿಯಿತು. ಅವನಿಗಿಂತ ಮೊದಲೇ ಆ ಕೆಲಸವನ್ನು ನಾನು ಮಾಡಿಯಾಗಿತ್ತು.

ಬಣ್ಣ ಗುರುತಿಸುವ ಶಂಕುಕೋಶಗಳು ನಮ್ಮ ಕಣ್ಣಿನ ಅಕ್ಷಿಪಟಲದ ನಡುಭಾಗದಲ್ಲಿ ಒತ್ತೊತ್ತಾಗಿವೆ, ಅಂಚಿಗೆ ಹೋದಂತೆ ವಿರಳವಾಗುತ್ತವೆ ಎಂದು ತರಗತಿಯಲ್ಲಿ ವರ್ಷ ವರ್ಷವೂ ಪಾಠ ಹೇಳಿದವನು ನಾನು. ನೇರವಾಗಿ ನೋಡಿದ ಕಡೆಯೇ ಬಣ್ಣ ಚೆನ್ನಾಗಿ ಕಾಣುವುದು. ಆ ಮಟ್ಟಿಗೆ ಎಲ್ಲರ ಕಣ್ಣೂ ಒಬ್ಬರಿಗೆ ಬಣ್ಣವನ್ನು ಉಳಿಸಿ ಉಳಿದವರನ್ನು ಮಸುಕು ಮಾಡುವ ಕಣ್ಣೇ. ಆದರೆ ಕತ್ತು ಹೊರಳಿಸಿದರೆ ಅಲ್ಲಿಯೂ ಬಣ್ಣ ಕಾದಿರುತ್ತದೆ. ಮೂಲವನ್ನು ಅಳಿಸಿದ ಫೋಟೋದಲ್ಲಿ ಹಾಗೆ ಹೊರಳಿ ನೋಡುವ ಅವಕಾಶವಿಲ್ಲ. ಕಳೆದುಹೋದ ದಿನದಲ್ಲಿಯೂ ಇಲ್ಲ.

ಕೆಲಸ ಮುಗಿದಾಗ ಹಣ ಕೊಡಲು ಹೋದೆ, ಅವನು ತೆಗೆದುಕೊಳ್ಳಲಿಲ್ಲ. ಆಗ ನಾಚಿಕೆ ಬಿಟ್ಟು ಅವನ ಹೆಸರು ಕೇಳಿದೆ, ಯಾವ ವರ್ಷದ ಬ್ಯಾಚ್ ಎಂದು ಕೇಳಿದೆ. ಹೇಳಿದ. ಆ ವರ್ಷ ನಮ್ಮ ಶಾಲೆಗೆ ಮೊದಲಿಗರಾಗಿ ಬಂದ ಮೂವರ ಹೆಸರು, ಅವರ ಅಂಕ, ಅವರು ಕುಳಿತುಕೊಳ್ಳುತ್ತಿದ್ದ ಜಾಗ ಇಂದಿಗೂ ನನಗೆ ಕಣ್ಣಿಗೆ ಕಟ್ಟಿದಂತಿದೆ. ಇವನು ಕೊನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದನಂತೆ. "ನೀವು ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣ ಮಾಡಿ ಗೋಡೆಯ ಮೇಲೆ ತೋರಿಸಿದಿರಲ್ಲ ಸಾರ್, ಅದು ನನ್ನ ಬೆಂಚಿನ ಪಕ್ಕದ ಗೋಡೆ" ಎಂದ. ಅವನಿಗೆ ಗೋಡೆ ನೆನಪಿತ್ತು. ನನಗೆ ಅವನು ನೆನಪಿರಲಿಲ್ಲ. ಇದನ್ನು ಓದುತ್ತಿರುವ ನನ್ನ ಶಿಷ್ಯರಲ್ಲಿ ಇಂಥವರು ಇನ್ನೂ ಕೆಲವರಿರಬಹುದು. ಅವರಲ್ಲಿ ಕ್ಷಮೆ ಕೇಳುವುದಕ್ಕೆ ಇದಕ್ಕಿಂತ ಸರಿಯಾದ ಜಾಗ ನನಗೆ ದೊರೆಯದು.

ಮದುವೆಯ ವಯಸ್ಸಿನ ಮಕ್ಕಳಿರುವವರಿಗೆ ಒಂದು ಮಾತು. ಈ ಬೂದು ಕೆಂಪಿನ ಆಟ ಬೇಡವೆಂದು ನಾನು ಹೇಳುವುದಿಲ್ಲ. ಅದಕ್ಕೂ ಒಂದು ಅಂದವಿದೆ, ನಾನೇ ಮೆಚ್ಚಿದವನು. ಆದರೆ ಆಡುವುದಾದರೆ ಪ್ರತಿಯ ಮೇಲೆ ಆಡಿ, ಮೂಲವನ್ನು ಮುಟ್ಟಬೇಡಿ. ಛಾಯಾಗ್ರಾಹಕರು ಅಳಿಸುವ ಮೊದಲೇ ಎಲ್ಲ ಮೂಲಚಿತ್ರಗಳನ್ನು ಕೇಳಿ ಪಡೆದು ಎರಡು ಕಡೆ ಇಟ್ಟುಕೊಳ್ಳಿ. ಆಲ್ಬಮ್ಮಿಗೆ ಚಿತ್ರ ಆರಿಸುವಾಗ ಮದುಮಗಳನ್ನು ನೋಡಿದ ಮೇಲೆ ಅವಳ ಹಿಂದೆ ನಿಂತವರನ್ನೂ ಒಮ್ಮೆ ನೋಡಿ. ಮುಂದಿನ ಮದುವೆಯ ಹೊತ್ತಿಗೆ ಅವರಲ್ಲಿ ಯಾರು ಇರುವುದಿಲ್ಲವೋ ಹೇಳಬಲ್ಲವರಾರು?

ಈಗ ನಡುಮನೆಯಲ್ಲಿ ಎರಡು ಫೋಟೋಗಳು ಅಕ್ಕಪಕ್ಕದಲ್ಲಿವೆ. ಒಂದರಲ್ಲಿ ಹದಿನೆಂಟರ ಅಮ್ಮ, ಹಸಿರಾಗಬೇಕಿದ್ದ ಕೆಂಪು ಸೀರೆಯಲ್ಲಿ. ಇನ್ನೊಂದರಲ್ಲಿ ಎಪ್ಪತ್ತಮೂರರ ಅಮ್ಮ, ಹಸಿರು ಸೀರೆಯಲ್ಲಿ, ಹಣೆಯಲ್ಲಿ ಕೆಂಪು ಬೊಟ್ಟಿಟ್ಟು. ಎರಡೂ ಕೈಯಿಂದ ಬಣ್ಣ ಹಚ್ಚಿದವೇ. ಮುಂದೆ ಯಾರಿಗೂ ಗೊಂದಲವಾಗದಿರಲೆಂದು ಎರಡರ ಬೆನ್ನ ಮೇಲೂ ಬರೆದಿಟ್ಟಿದ್ದೇನೆ. ಮೊದಲನೆಯದರ ಹಿಂದೆ: "ಸೀರೆ ಹಸಿರು." ಎರಡನೆಯದರ ಹಿಂದೆ: "ಬಣ್ಣ ಅನಂತರ ಹಚ್ಚಿದ್ದು. ಹಸಿರು, ಸೀರೆಯನ್ನು ನೋಡಿ. ಕೆಂಪು, ಮಗಳನ್ನು ಕೇಳಿ. ನಾನು ನೋಡಿರಲಿಲ್ಲ."